ನಡುಗೋಡೆಯ ಆಚೆಯ ಕರೆಂಟು

ಒಂದೇ ಸೂರು, ಎರಡು ಮೀಟರು. ಮುಂಭಾಗದಲ್ಲಿ ಮೈದುನನ ಹಿಟ್ಟಿನ ಗಿರಣಿ. ಅದಕ್ಕೆ ತ್ರೀ ಫೇಸ್ ಲೈನು. ಹಿಂಭಾಗದಲ್ಲಿ ಅತ್ತಿಗೆ ಒಬ್ಬಳೇ ಇದ್ದ ಮನೆ. ಅದಕ್ಕೆ ಸಿಂಗಲ್ ಫೇಸು. ಅಣ್ಣತಮ್ಮಂದಿರು ಜಗಳವಾಡಿ ಪಾಲಾದಾಗ ಎದ್ದ ನಡುಗೋಡೆ ಇನ್ನೂ ಸುಣ್ಣ ಕಂಡಿರಲಿಲ್ಲ.

ಗಂಡ ತೀರಿಕೊಂಡು ವರ್ಷವಾದ ಮೇಲೆ ಅವಳು ಅವನ ಕೋಣೆಯ ಬೀಗ ತೆಗೆದಳು. ಅಲ್ಲಿ ಹೊಲಿಗೆ ಯಂತ್ರ ಇಡುವ ಯೋಚನೆ. ಗೋಡೆಯ ಪ್ಲಗ್ಗನ್ನು ಕೆಳಕ್ಕಿಳಿಸಲು ಕರೆಂಟು ಕೆಲಸದವನನ್ನು ಕರೆಸಿದಳು.

ಅವನು ಮನೆಯ ಮೇನ್ ಆಫ್ ಮಾಡಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಯಾರ ಮನೆಯಲ್ಲೂ ಯಾರನ್ನೂ ನಂಬುವವನಲ್ಲ. ಪ್ಲಗ್ಗಿನ ಮುಚ್ಚಳ ಬಿಚ್ಚಿ ಟೆಸ್ಟರ್ ಇಟ್ಟರೆ, ಅದರೊಳಗಿನ ದೀಪ ಕೆಂಪಗೆ ಹೊತ್ತಿಕೊಂಡಿತು.

"ಅಕ್ಕಾ, ನನಗೂ ನಿಮಗೂ ಹಳೇ ದ್ವೇಷ ಏನಾದ್ರೂ ಇದ್ಯಾ?"

"ಅಯ್ಯೋ, ಏನಾಯ್ತಪ್ಪಾ?"

"ಫ್ಯೂಸು ನನ್ನ ಜೇಬಲ್ಲಿದೆ, ಕರೆಂಟು ಗೋಡೇಲಿದೆ. ಕೈ ಇಟ್ಟಿದ್ರೆ ನಾಳೆಯಿಂದ ನನ್ನ ಹೆಂಡತಿ ನಿಮ್ಮ ಹತ್ರ ಹೊಲಿಗೆ ಕಲಿಯೋಕೆ ಬರಬೇಕಿತ್ತು."

ಸ್ಟೂಲು ಹತ್ತಿ ನೋಡಿದ. ಪ್ಲಗ್ಗಿನಿಂದ ಹೊರಟ ವೈರು ತೊಲೆಯ ಮರೆಯಲ್ಲಿ ಸಾಗಿ, ನಡುಗೋಡೆಯ ತೂತಿನಲ್ಲಿ ಗಿರಣಿಗೆ ದಾಟಿತ್ತು. ಇಳಿದವನ ದನಿಯೇ ಬೇರೆಯಾಯಿತು.

"ಗಿರಣಿ ಕರೆಂಟು ಎಷ್ಟು ದಿನದಿಂದ ಎಳ್ಕೊಂಡಿದ್ದೀರಿ?"

ಆಚೆ ಗಿರಣಿ ಆಗತಾನೆ ನಿಂತಿತ್ತು. ಆ ಮಾತು ಕಾಳಿನ ಚೀಲ ಹಿಡಿದು ಕೂತಿದ್ದವರಿಗೆಲ್ಲ ಕೇಳಿತು. "ಅದಕ್ಕೇ ಹಿಂದಿನ ಮನೇಲಿ ಅಷ್ಟು ಬೆಳಕು," ಎಂದಳು ಒಬ್ಬಳು. ಇನ್ನೊಬ್ಬಳು ಕಿಸಕ್ಕೆಂದಳು.

ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡ ಮೈದುನ ಬಾಗಿಲಿಗೆ ಬಂದ. ವೈರು ಯಾರದೆಂದು ಅವನಿಗೆ ಗೊತ್ತಿತ್ತು. ಆದರೆ ಒಂದು ಲೈನನ್ನು ಇನ್ನೊಂದು ಮನೆಗೆ ಕೊಡುವುದು ತಪ್ಪು. ವಿದ್ಯುತ್ ಕಚೇರಿಗೆ ತಿಳಿದರೆ ಗಿರಣಿಯ ಸಂಪರ್ಕವನ್ನೇ ಕಡಿಯುತ್ತಾರೆ. ಈ ಕರೆಂಟು ಕೆಲಸದವನೋ ದಿನಬೆಳಗಾದರೆ ಆ ಕಚೇರಿಯ ಜಗಲಿಯಲ್ಲೇ ಇರುವವನು. ಅತ್ತಿಗೆ ತಲೆ ತಗ್ಗಿಸಲಿಲ್ಲ, ಮೈದುನನನ್ನೇ ನೋಡಿದಳು.

"ನಾನೇ ಎಳೆದಿದ್ದು," ಎಂದ ಮೈದುನ ಕೊನೆಗೆ. "ಅಣ್ಣನ್ನ ಆಸ್ಪತ್ರೆಯಿಂದ ಕರ್ಕೊಂಡು ಬರೋ ಹಿಂದಿನ ದಿನ. ಆಕ್ಸಿಜನ್ ಮಿಷಿನ್ನು ನಿಲ್ಲಬಾರದಿತ್ತು. ಮನೆ ಲೈನು ಹೋದಾಗ್ಲೂ ಗಿರಣಿ ಲೈನು ಇರುತ್ತಲ್ಲ."

"ಅವರಿಗೆ ಗೊತ್ತಿತ್ತಾ?" ಅತ್ತಿಗೆ ಕೇಳಿದಳು.

"ಗೊತ್ತಾಗಿದ್ರೆ ಅಣ್ಣ ಕಿತ್ತು ಬಿಸಾಕ್ತಿದ್ದ."

ಅದು ನಿಜವೆಂದು ಅವಳಿಗೂ ಅನಿಸಿತು. ಆದರೂ ಕೇಳಿದಳು: "ಅವರು ಹೋಗಿ ವರ್ಷ ಆಯ್ತು. ಯಾಕೆ ಕೀಳಲಿಲ್ಲ?"

"ಕೋಣೆಗೆ ಬೀಗ ಹಾಕಿದ್ರಲ್ಲ, ಅತ್ತಿಗೆ."

"ಗಿರಣಿ ಕಡೆ ಯಾವ ಬೀಗ ಇತ್ತು?"

ಅವನು ಅಂಗೈಯ ಹಿಟ್ಟು ಉಜ್ಜಿಕೊಂಡ. ಮರೆತಿದ್ದನೋ, ಮುಟ್ಟಲು ಮನಸ್ಸಾಗಿರಲಿಲ್ಲವೋ, ಅವನಿಗೇ ತಿಳಿಯದು. ಅವಳಿಗೆ ತೋಚಿದ್ದೇ ಬೇರೆ: ನಾಳೆ ಜಗಳವಾದರೆ ತನ್ನನ್ನು ಕಳ್ಳಿ ಮಾಡಲು ಇದೊಂದು ಎಳೆ ಸಾಕಿತ್ತು.

"ಆ ಕಡೆಯಿಂದಲೇ ಕತ್ತರಿಸು," ಎಂದಳು ಕೆಲಸದವನಿಗೆ. "ನಾನು ನೋಡಬೇಕು."

ಪಾಲಾದ ಮೇಲೆ ಮೊದಲ ಸಲ ಗಿರಣಿಯೊಳಗೆ ಕಾಲಿಟ್ಟಳು. ಹೆಂಗಸರು ಚೀಲ ಸರಿಸಿ ದಾರಿ ಬಿಟ್ಟರು. ಮೈದುನ ತಾನು ಕೂರುವ ಸ್ಟೂಲನ್ನು ಒರೆಸಿ ಮುಂದಿಟ್ಟ, ಅವಳು ಕೂರಲಿಲ್ಲ. ಗಿರಣಿಯ ಮೇನ್ ಇಳಿಸಿ ವೈರು ಕತ್ತರಿಸಿದ್ದಾಯಿತು.

"ಕಚೇರಿಗೆ ಸುದ್ದಿ ಹೋಗುತ್ತಾ?" ಮೈದುನ ಮೆಲ್ಲಗೆ ಕೆಲಸದವನನ್ನು ಕೇಳಿದ.

ಉತ್ತರ ಕೊಟ್ಟವಳು ಅತ್ತಿಗೆ. "ನಾನು ಹೇಳೋವರೆಗೆ ಹೋಗಲ್ಲ."

ಅದು ಭರವಸೆಯೋ ಬೆದರಿಕೆಯೋ ತಿಳಿಯದೆ ಅವನು ಅವಳ ಮುಖ ನೋಡಿದ. ಅವಳಾಗಲೇ ಬಾಗಿಲು ದಾಟುತ್ತಿದ್ದಳು.