ಜೋಡಿ ಕೂಲಿ

ಇಟ್ಟಿಗೆ ಭಟ್ಟಿಯಲ್ಲಿ ಗಂಡ ಮಣ್ಣು ಕಲಸುತ್ತಾನೆ, ಹೆಂಡತಿ ಅಚ್ಚಿಗೆ ತುಂಬಿ ಇಟ್ಟಿಗೆ ಹಾಕುತ್ತಾಳೆ. ವಾರದ ಕೊನೆಗೆ ಇಬ್ಬರ ಕೂಲಿಯೂ ಗಂಡನ ಕೈಗೇ ಹೋಗುತ್ತದೆ. ಇದಕ್ಕೆ ಜೋಡಿ ಕೂಲಿ ಎನ್ನುತ್ತಾರೆ. ಹೆಸರಿಗಷ್ಟೇ ಜೋಡಿ, ನೋಡಿ.

ಅಂಥದೊಂದು ಭಟ್ಟಿಯಲ್ಲಿ ಒಬ್ಬಾಕೆಯ ಗಂಡ ಜ್ವರ ಬಂದು ತೀರಿಕೊಂಡ. ಮನೆಯಲ್ಲಿ ಉಳಿದವರು ಮುದಿ ಅತ್ತೆ, ಶಾಲೆಗೆ ಹೋಗುವ ಮಗಳು. ಆಕೆ ಮತ್ತೆ ಕೆಲಸಕ್ಕೆ ಹೋದಾಗ ಮೇಸ್ತ್ರಿ, “ಒಂಟಿ ಹೆಂಗಸಿಗೆ ಇಲ್ಲಿ ಅರ್ಧ ಕೂಲಿನೇ ಕಣಮ್ಮ. ಹಿಂದಿನಿಂದ್ಲೂ ಹಾಗೇ” ಎಂದ. ಪಕ್ಕದ ಸಾಲಿನಲ್ಲಿ ಅಷ್ಟೇ ಇಟ್ಟಿಗೆ ಹಾಕುವ ಒಂಟಿ ಗಂಡಸಿಗೆ ಪೂರ್ತಿ ಕೂಲಿ. ಮಗಳನ್ನು ಶಾಲೆ ಬಿಡಿಸಿ ಭಟ್ಟಿಗೆ ಕರೆತರದೆ ಬೇರೆ ದಾರಿ ಕಾಣಲಿಲ್ಲ.

ಸಂಜೆ ಪಕ್ಕದ ಮನೆಯ ಟೈಲರಕ್ಕ ಬಂದಳು. ಗಾರ್ಮೆಂಟ್ಸ್‌ನಲ್ಲಿ ದುಡಿಯುವವಳು, ಕಾರ್ಮಿಕ ಸಂಘದವಳು.

“ಅರ್ಧ ಕೂಲಿ ಕೊಡೋದು ತಪ್ಪು ಕಣೇ. ಒಂದೇ ಕೆಲಸಕ್ಕೆ ಒಂದೇ ಕೂಲಿ ಅಂತ ಕಾನೂನಿದೆ.”

ಅತ್ತೆ ಸಿಡುಕಿದಳು. “ಸುಮ್ನಿರಮ್ಮ. ಗಂಡಸರ ಸಮ ಕೇಳೋಕೆ ಹೋಗಿ ಇರೋ ಅನ್ನಕ್ಕೂ ಕಲ್ಲು ಹಾಕ್ಕೋಬೇಕಾ? ನಿನ್ನ ಕಾನೂನು ಬಂದು ನಮ್ಮನೆ ಒಲೆ ಹಚ್ಚುತ್ತಾ?”

“ಆ ಕಾನೂನು ಆಕಾಶದಿಂದ ಉದುರಲಿಲ್ಲ ಅಜ್ಜಿ. ಗಂಡಸಿಗೆ ಸಂಸಾರ ಇದೆ, ಹೆಂಗಸಿನ ದುಡಿಮೆ ಕೈಖರ್ಚಿಗೆ ಅಂತಿದ್ದ ಕಾಲ ಒಂದಿತ್ತು. ನಮ್ಮಂಥೋರೇ ಮಿಷನ್ ನಿಲ್ಲಿಸಿ ಬೀದಿಗೆ ಬಂದ್ರು, ಕೋರ್ಟ್ ಮೆಟ್ಟಿಲು ಹತ್ತಿದ್ರು, ಎಷ್ಟೋ ಜನ ಕೆಲಸಾನೇ ಕಳ್ಕೊಂಡ್ರು. ಆಮೇಲೆ ಒಂದೊಂದೇ ದೇಶದಲ್ಲಿ ಕಾನೂನು ಬಂತು. ಸಮಾನ ಕೂಲಿಗೆ ಒಂದು, ಬಸುರಿಯನ್ನ ಕೆಲಸದಿಂದ ತೆಗೀಬಾರದು ಅಂತ ಇನ್ನೊಂದು. ನೀವೂ ಇಟ್ಟಿಗೆ ಹಾಕಿದೋರೇ ಅಲ್ವಾ? ನಿಮ್ಮ ಕೂಲಿ ಎಷ್ಟಿತ್ತು?”

ಅತ್ತೆ ಬಿರುಕುಬಿಟ್ಟ ತನ್ನ ಅಂಗೈ ನೋಡಿಕೊಂಡಳು.

“ನಂದೆಲ್ಲಿ ಕೂಲಿ? ಅವರದ್ರಲ್ಲೇ ಸೇರ್ತಿತ್ತು. ಒಂದಿನಾನೂ ನನ್ನ ಕೈಗೆ ಬರಲಿಲ್ಲ” ಎಂದಳು ಮುದುಕಿ. ಕೇಳುತ್ತಿದ್ದ ಸೊಸೆಗೆ ಸಂಕಟವಾಯಿತು.

ಮರುದಿನ ಭಟ್ಟಿಗೆ ಸೊಸೆಯ ಜೊತೆ ಅತ್ತೆಯೂ ಬಂದಳು. “ಹೆಂಗಸಿನ ಕೆಲಸಕ್ಕೆ ಹೆಂಗಸಿನ ಕೂಲಿ” ಎಂದು ಮೇಸ್ತ್ರಿ ಹಳೇ ರಾಗ ತೆಗೆದ. ಅತ್ತೆ ಒಣಗಲು ಇಟ್ಟಿದ್ದ ಇಟ್ಟಿಗೆಯ ಸಾಲಿನ ಹತ್ತಿರ ಹೋಗಿ ನಿಂತಳು.

“ಇದ್ರಲ್ಲಿ ಹೆಂಗಸು ಹಾಕಿದ ಇಟ್ಟಿಗೆ ಯಾವುದು? ತೆಗೆದು ತೋರಿಸಪ್ಪ.”

“ಮಾಲೀಕರನ್ನ ಕೇಳ್ಬೇಕು” ಎಂದ ಮೇಸ್ತ್ರಿ. ಉಳಿದ ಹೆಂಗಸರೂ ಅಚ್ಚು ಕೆಳಗಿಟ್ಟು ಬಂದು ನಿಂತರು. ಟೈಲರಕ್ಕ ಕಾರ್ಮಿಕ ಕಚೇರಿಯಲ್ಲಿ ದೂರು ಕೊಡಿಸಿದಳು. ಮಾಲೀಕ ಮೊದಮೊದಲು ಹಾರಾಡಿದ, ಆಮೇಲೆ ಒಪ್ಪಿದ. ಆಕೆಗೆ ಪೂರ್ತಿ ಕೂಲಿ ಸಿಕ್ಕಿತು, ಆಕೆಯ ಕೈಗೇ. ಮಗಳು ಶಾಲೆ ಬಿಡಲಿಲ್ಲ.

ಅಕ್ಕತಂಗಿಯರೇ, ಕೂಲಿಯಲ್ಲಿ ಭೇದ ಮಾಡಿದರೆ ಒಬ್ಬರೇ ನುಂಗಿಕೊಂಡು ಕೂರಬೇಡಿ. ಸಂಘದಲ್ಲಿ ಹೇಳಿ, ಕಾರ್ಮಿಕ ಕಚೇರಿಗೆ ಹೋಗಿ. ಅಣ್ಣಂದಿರೇ, ಹೆಂಡತಿಯ ಕೂಲಿ ಅವಳ ಕೈಗೇ ಕೊಡಿಸಿ. ಈ ಕಾನೂನಿಗಾಗಿ ಕೆಲಸ ಕಳೆದುಕೊಂಡ ಹೆಂಗಸರು ನಮ್ಮ ಮುಖವನ್ನೂ ಕಂಡವರಲ್ಲ. ಅವರು ಗೆದ್ದು ಕೊಟ್ಟದ್ದನ್ನು ಕೇಳಿ ಪಡೆಯಲು ನಮಗೆ ನಾಚಿಕೆ ಯಾಕೆ?