ನೀಲಿ ಬಾಗಿಲು ಬರುವ ತನಕ

ಆ ಬಾಗಿಲು ಇನ್ನೂ ನೀಲಿಯಾಗಿಯೇ ಇದೆಯೇ? ಅಕ್ಕಿ ಆರಿಸುತ್ತ ಕುಳಿತಿದ್ದ ನನ್ನ ಕೈ ಮೊರದಲ್ಲೇ ನಿಂತಿತು. ಬೆಳಗಿನಿಂದ ಬೀದಿಯಲ್ಲಿ ಬಣ್ಣದ ವಾಸನೆ. ಮೂಲೆಮನೆಯ ಚೂಡಮ್ಮನವರ ಮಗಳಿಗೆ ಮದುವೆ ಗೊತ್ತಾಗಿತ್ತು. ಮದುವೆಯ ಮನೆ ಎಂದರೆ ಗೋಡೆಗೆ ಸುಣ್ಣ, ಬಾಗಿಲಿಗೆ ಬಣ್ಣ. ಶಾಲೆ ಬಿಟ್ಟು ಆಗಲೇ ಬಹಳ ಹೊತ್ತಾಗಿತ್ತು.

ನಮ್ಮ ವಾರಿಜೆಗೆ ಆಗ ಒಂಬತ್ತು ವರ್ಷ. ಒಮ್ಮೆ ಕೇಳಿದ ಹಾಡನ್ನು ಮರೆಯದವಳು. ಅಕ್ಷರಗಳು ಮಾತ್ರ ಅವಳ ಕಣ್ಣೆದುರು ನಿಲ್ಲುತ್ತಿರಲಿಲ್ಲ. ಎಡ ಯಾವುದು, ಬಲ ಯಾವುದು ಎಂದರೆ ಎರಡೂ ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಒಬ್ಬಳೇ ಬಂದುಹೋಗಲಾರದ ಮಗುವನ್ನು ಮುಂದಿನ ತರಗತಿಗೆ ಸೇರಿಸಿಕೊಳ್ಳುವುದಿಲ್ಲವೆಂದು ಹೆಡ್‌ಮಾಸ್ತರರು ಹೇಳಿಕಳಿಸಿದ್ದರು. ಅಂದಿನಿಂದ ನನ್ನ ಗಂಡ ಅವಳಿಗೆ ದಾರಿ ಕಲಿಸತೊಡಗಿದರು. ಇದ್ದದ್ದು ಒಂದೇ ತಿರುವು; ಅದರ ಗುರುತು ಚೂಡಮ್ಮನವರ ನೀಲಿ ಬಾಗಿಲು. ದಿನವೂ ಬೆಳಿಗ್ಗೆ ಅವಳ ಜಡೆ ಹೆಣೆಯುತ್ತ ಅವರೇ ಕೇಳುತ್ತಿದ್ದರು.

"ನೀಲಿ ಬಾಗಿಲು ಬಂದ್ರೆ?"

"ತಿರುಗೋದು."

"ಬರಲಿಲ್ಲ ಅಂದ್ರೆ?"

"ಬರೋ ತನಕ ನಡೀತಾ ಇರೋದು."

"ಭೇಷ್. ನಿಮ್ಮಮ್ಮನಿಗಿಂತ ನೀನೇ ವಾಸಿ, ಅವಳು ಸಂತೇಲೇ ದಾರಿ ತಪ್ತಾಳೆ."

ನಾನೂ ನಗುತ್ತಿದ್ದೆ. ಕೆಲವು ವಾರ ಅವಳು ತಪ್ಪದೆ ಮನೆಗೆ ಬಂದಳು.

ಅಂದು ಮೊರ ಬಿಟ್ಟು ಓಡಿದೆ. ಬಾಗಿಲು ಹಸಿರಾಗಿತ್ತು. ವಾರಿಜೆಯನ್ನು ಕಂಡಿರಾ ಎಂದು ಚೂಡಮ್ಮನವರನ್ನು ಕೇಳಿದೆ.

"ಬಂದಿದ್ಲಲ್ಲ. ಬಾಗಿಲನ್ನೇ ನೋಡ್ತಾ ನಿಂತಿದ್ಲು. ಮನೇಗೆ ಹೋಗೇ ಅಂದೆ, ನೆಟ್ಟಗೆ ಹೋದ್ಲು."

ಅವರು ಕೈ ತೋರಿಸಿದ ಕಡೆ ಮನೆಗಳು ಮುಗಿದು ಕೆರೆಯ ಏರಿ ಶುರುವಾಗುತ್ತಿತ್ತು. ಊರಿನಲ್ಲಿ ಇನ್ನೊಂದು ನೀಲಿ ಬಾಗಿಲು ಇದ್ದದ್ದು ಅಲ್ಲೇ, ತೂಬಿನ ಕಬ್ಬಿಣದ ಬಾಗಿಲು. ಅದರ ಪಕ್ಕಕ್ಕೆ ತಿರುಗಿದರೆ ನೀರಿಗಿಳಿಯುವ ಮೆಟ್ಟಿಲು.

ಅಷ್ಟರಲ್ಲಿ ಬಂದ ನನ್ನ ಗಂಡ ಹಸಿರು ಬಾಗಿಲನ್ನು ನೋಡಿದರು. ನನಗೆ ಮನೆಯಲ್ಲಿರಲು ಹೇಳಿ ಏರಿಯತ್ತ ಓಡಿದರು.

ದೀಪ ಹಚ್ಚುವ ಹೊತ್ತಿಗೆ ಅವಳನ್ನು ಎತ್ತಿಕೊಂಡು ಬಂದರು. ದಾರಿಯಲ್ಲಿ ಆಡುತ್ತಿದ್ದಳು ಎಂದಷ್ಟೇ ಅಂದರು. ಅವಳ ಲಂಗ ಸೊಂಟದ ತನಕ ಒದ್ದೆಯಾಗಿತ್ತು.

"ನಾನು ತಪ್ಪು ಮಾಡ್ಲಿಲ್ಲಮ್ಮ," ಎಂದಳು ವಾರಿಜೆ. "ನೀಲಿ ಬಾಗಿಲು ಬಂತು. ತಿರುಗಿದೆ."

ಮರುದಿನದಿಂದ ಅವರೇ ಕೈಹಿಡಿದು ಶಾಲೆಗೆ ಕರೆದೊಯ್ದರು. ವರ್ಷದ ಕೊನೆಗೆ ಮುಂದಿನ ತರಗತಿಗೆ ಸೇರಿಸಿಕೊಳ್ಳದೆ ಶಾಲೆ ಅವಳನ್ನು ಕೈಬಿಟ್ಟಿತು. ಜಡೆ ಹೆಣೆಯುವಾಗ ಅವರು ಮತ್ತೆ ಪ್ರಶ್ನೆ ಕೇಳಲಿಲ್ಲ. ಒಂದು ಬೆಳಿಗ್ಗೆ ವಾರಿಜೆ ತಾನಾಗಿಯೇ, "ಬರೋ ತನಕ ನಡೀತಾ ಇರೋದು, ಅಲ್ವಾ ಅಪ್ಪ?" ಎಂದಳು. ಅವರ ಬೆರಳುಗಳು ಜಡೆಯಲ್ಲೇ ನಿಂತವು.

ಅವಳು ಎಲ್ಲಿ ಸಿಕ್ಕಳೆಂದು ಅವರು ನನಗೆ ಎಂದೂ ಹೇಳಲಿಲ್ಲ.