ಒಂಬತ್ತು ಬೆಲ್ಲದ ಪೆಂಟಿ

ಮಸಗುಪ್ಪಿಯ ಜಿನ್ನವ್ವ ಬೆಲ್ಲ ಬಿಟ್ಟಳೆಂಬ ಸುದ್ದಿಯನ್ನು ಓಣಿಯವರು ಮೊದಮೊದಲು ನಂಬಲಿಲ್ಲ. ಚಹಾಕ್ಕೆ ಬೆಲ್ಲ, ರೊಟ್ಟಿಗೆ ಬೆಲ್ಲ, ಉಂಡಾದ ಮೇಲೆ ಬಾಯಿಗೊಂದು ಚೂರು ಬೆಲ್ಲ, ಹೀಗೆ ಬದುಕಿದ ಹೆಂಗಸು ಆಕೆ. ಸಕ್ಕರೆ ರೋಗವೇನಾದರೂ ಬಂತೇ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ರೋಗ ಅಲ್ಲವಾ, ಒಗಟ ಬಂದೈತಿ."

ಒಗಟು ಬಂದದ್ದು ಹುಕ್ಕೇರಿಯ ಪದ್ಮವ್ವನಿಂದ. ಜಿನ್ನವ್ವ, ಪದ್ಮವ್ವ ಇಬ್ಬರೂ ತವರಿನಲ್ಲಿ ಒಂದೇ ಓಣಿಯವರು. ಕೂಡಿ ಆಡಿ, ಕೂಡಿ ಬಸದಿಗೆ ಹೋಗಿ ಬೆಳೆದು, ಮದುವೆಯಾದ ಮೇಲೆ ಒಬ್ಬಳು ಮಸಗುಪ್ಪಿಗೆ, ಒಬ್ಬಳು ಹುಕ್ಕೇರಿಗೆ ನಡೆದರು. ಜಿನ್ನವ್ವನ ಗಂಡ ರಾವಸಾಹೇಬರು ತೀರಿಕೊಂಡಾಗ ಮಾತನಾಡಿಸಲು ಬಂದವರೆಲ್ಲ ಆಡಿದ ಮಾತನ್ನೇ ಆಡಿ ಹೋದರು. ಪದ್ಮವ್ವ ಮಾತ್ರ ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದು, ಹೊರಡುವಾಗ ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದಳು:

"ಜಿನ್ನಿ, ಎರಡು ಬಾಗಲಾ ಅದಾವು. ಒಂದು ಮನಿಗೆ ಹೋಗೂದು, ಒಂದು ಬಾವಿಗೆ. ಇಬ್ಬರು ಕಾವಲುಗಾರರು. ಒಬ್ಬ ಬರೇ ಖರೆ ಹೇಳಾವ, ಒಬ್ಬ ಬರೇ ಸುಳ್ಳ. ಯಾಂವ ಯಾಂವಂತ ನಿನಗ ಗೊತ್ತಿಲ್ಲ. ಒಬ್ಬನ್ನ ಒಂದೇ ಮಾತು ಕೇಳಿ ಮನಿ ಬಾಗಲಾ ಹುಡುಕು."

"ನಿನಗ ಬುದ್ಧಿ ಐತೇನಲೇ? ಇದೇನು ಒಗಟ ಹೇಳೂ ಹೊತ್ತೇನು?" ಎಂದು ಜಿನ್ನವ್ವ ಸಿಟ್ಟಾದಳು. ಆದರೆ ಒಗಟು ತಲೆಯೊಳಗೆ ಹೊಕ್ಕಿತ್ತು. ಯಾರನ್ನಾದರೂ ಹಿಡಿದು, 'ಮನಿ ಬಾಗಲಾ ಯಾವುದಂತ ಆ ಇನ್ನೊಬ್ಬನ್ನ ಕೇಳಿದ್ರ ಯಾವುದು ತೋರಸ್ತಾನ?' ಎಂದು ಕೇಳಬೇಕು. ಆತ ತೋರಿಸಿದ್ದನ್ನು ಬಿಟ್ಟು ಇನ್ನೊಂದರೊಳಗೆ ಹೋಗಬೇಕು. ಇದು ಹೊಳೆದ ದಿನ ಮಧ್ಯಾಹ್ನವೆಲ್ಲ ತಾನು ಅತ್ತಿರಲಿಲ್ಲವೆಂಬುದು ಜಿನ್ನವ್ವನ ಲಕ್ಷ್ಯಕ್ಕೆ ಬಂತು. ಗೆಳತಿ ತನಗೆ ಕೊಟ್ಟು ಹೋದದ್ದು ಏನೆಂದು ಆಗ ತಿಳಿಯಿತು.

ಅಲ್ಲಿಂದ ಮುಂದೆ ಒಗಟುಗಳು ಬಸ್ಸಿನಲ್ಲಿ ಓಡಾಡತೊಡಗಿದವು. ಕಂಡಕ್ಟರ್ ಹಣಮಂತ ಅವನ್ನು ಬಾಯಿಪಾಠ ಮಾಡಿಕೊಂಡು ತಂದು ಒಪ್ಪಿಸುತ್ತಿದ್ದ. ಪಕ್ಕದ ಮನೆಯ ಉದ್ದವ್ವನೂ ಇದರಲ್ಲಿ ಪಾಲುಗಾರಳು. ಇಬ್ಬರೂ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ, ಹುಳ ಸಿಕ್ಕರೆ ನೋವಾಗದಂತೆ ಹೊರಗೆ ಬಿಡುತ್ತ, ಒಗಟನ್ನು ಜಗ್ಗಾಡುವರು. ಕಟ್ಟಳೆ ಒಂದೇ: ಉತ್ತರವನ್ನು ತಾನೇ ಕಾಣಬೇಕು, ಯಾರೂ ಹೇಳಿಕೊಡಕೂಡದು.

ಕೊನೆಗೆ ಬಂದದ್ದು ಈ ಬೆಲ್ಲದ ಒಗಟು. ಒಂಬತ್ತು ಬೆಲ್ಲದ ಪೆಂಟಿ, ಎಂದರೆ ಬೆಲ್ಲದ ಅಚ್ಚು. ನೋಡಲು ಎಲ್ಲವೂ ಒಂದೇ. ಅದರಲ್ಲಿ ಒಂದು ಮಾತ್ರ ತುಸು ಭಾರ. ತಕ್ಕಡಿ ಇದೆ, ತೂಕದ ಕಲ್ಲಿಲ್ಲ. ಎರಡೇ ಸಲ ತೂಗಿ ಆ ಭಾರದ ಪೆಂಟಿಯನ್ನು ಹುಡುಕಬೇಕು.

"ಅಯ್ಯ, ಇದೇನು ದೊಡ್ಡದು! ಹುಟ್ಟಾ ಅಂಗಡಿಕಾರರ ಸೊಸಿ ನಾನು. ಇದನ್ನ ಬಿಡಿಸೂತನಾ ಬೆಲ್ಲ ಮುಟ್ಟೂದಿಲ್ಲ," ಎಂದು ಜಿನ್ನವ್ವ ನಕ್ಕಳು. ನಕ್ಕದ್ದು ಬಸದಿಯಲ್ಲಿ, ದೇವರ ಎದುರಿನಲ್ಲಿ. ಪೂಜೆಯ ಉಪಾಧ್ಯೆಯವರು ಕೇಳಿಸಿಕೊಂಡು, "ನಗಕೋತ ತಗೊಂಡ ನೇಮಾನೂ ನೇಮಾನ ರಿ ಅಮ್ಮಾ," ಎಂದರು.

ಆ ವಾರವೇ ಪದ್ಮವ್ವ ತೀರಿಕೊಂಡಳು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಜಪದ ಮಣಿ ಹಿಡಿದು ಕುಳಿತವಳು ಏಳಲೇ ಇಲ್ಲ. ಅಂಥ ಸಾವು ಪುಣ್ಯವಂತರಿಗೆ ಬರುತ್ತದೆಂದು ಎಲ್ಲರೂ ಅಂದರು. ಜಿನ್ನವ್ವನೂ ಅಂದಳು. ಅಂದು, ಅಂತ್ಯಕ್ರಿಯೆಗೆ ಹೋಗಿ ಬಂದು, ಮತ್ತೆ ಒಗಟು ಹಿಡಿದು ಕುಳಿತಳು. ಗೆಳತಿಯ ಕಡೆಯ ಮಾತು ಅದೇ ಆಗಿತ್ತು.

ಬಿಡಲಿಲ್ಲ ಒಗಟು. ನಾಲ್ಕು ಈ ತಟ್ಟೆಗೆ, ನಾಲ್ಕು ಆ ತಟ್ಟೆಗೆ. ಸರಿಹೋದರೆ ಉಳಿದ ಒಂದೇ ಭಾರದ್ದು. ಸರಿಹೋಗದಿದ್ದರೆ ಕೆಳಗಿಳಿದ ನಾಲ್ಕರಲ್ಲಿ ಎರಡೆರಡು, ಆಮೇಲೆ ಒಂದೊಂದು. ಮೂರು ಸಲ ಆಗಿಬಿಡುತ್ತಿತ್ತು. ರಾವಸಾಹೇಬರು ಅಂಗಡಿ ನಡೆಸಿದ ಅಷ್ಟೂ ವರ್ಷ, 'ತಕ್ಕಡಿ ಮುಂದ ಬಂದ ಮಾಲು ತೂಗದ ನೆಲದ ಮ್ಯಾಲ ಉಳಿಬಾರದು, ಅದು ಕಳವಿಗೆ ಸಮ,' ಎಂದು ಹೇಳುತ್ತ ಬಂದಿದ್ದರು. ಆ ಮಾತಿನಲ್ಲಿ ಹಣ್ಣಾದ ಜಿನ್ನವ್ವನ ಕೈ ತಟ್ಟೆಯೊಳಗೆ ಆದಷ್ಟೂ ತುಂಬುತ್ತಿತ್ತು.

ಹೀಗಿರುವಾಗ ಪದ್ಮವ್ವನ ಮಗಳು ಶ್ರದ್ಧಾ ಹಣಮಂತನ ಕೈಯಲ್ಲಿ ಹೇಳಿಕಳಿಸಿದಳು: ಅವ್ವನ ಹೆಸರಿನಲ್ಲಿ ಬಸದಿಯಲ್ಲಿ ಶಾಂತಿಪೂಜೆ, ಆಮೇಲೆ ಹೋಳಿಗೆಯ ಊಟ, ಜಿನ್ನವ್ವ ಚಿಗವ್ವ ಮೊದಲ ಪಂಕ್ತಿಯಲ್ಲಿ ಕೂಡಬೇಕು.

ಜಿನ್ನವ್ವ ಇಕ್ಕಟ್ಟಿಗೆ ಸಿಕ್ಕಳು. ಹೋಳಿಗೆಯೆಂದರೆ ಬೆಲ್ಲ. ಪದ್ಮವ್ವನ ಮನೆಯಲ್ಲಿ, ಪದ್ಮವ್ವನ ಹೆಸರಿನಲ್ಲಿ ಬಡಿಸಿದ್ದನ್ನು ಬೇಡವೆನ್ನುವುದು ಹೇಗೆ? ದೇವರ ಮುಂದೆ ಆಡಿದ್ದನ್ನು ಮುರಿಯುವುದು ಹೇಗೆ?

"ಅರಭಾವಿ ಕಾಲೇಜಿನಾಗ ನಮ್ಮ ತಮ್ಮನ ಮಗಳು ಅನುರಾಧಾ ಅದಾಳ. ಕೇಳಿದ್ರ ಒಂದು ಗಳಿಗ್ಯಾಗ ಹೇಳ್ತಾಳ," ಎಂದಳು ಉದ್ದವ್ವ.

"ಆಕಿ ಹೇಳಿದ್ರ ಅದು ಆಕೀ ಉತ್ತರ ಆಗತೈತಿ. ಪದ್ದಿ ಒಗಟ ಇಟ್ಟದ್ದು ನನಗ."

"ಹಾಂಗಾರ ಉಪ್ಪಿನಕಾಯಿ ನೆಕ್ಕೋತ ಕೂಡು!"

ಅಂದಳೇನೋ ನಿಜ. ಆದರೆ ಪೂಜೆಯ ದಿನ ಗೆಳತಿಯ ಜೊತೆಗೆ ಹುಕ್ಕೇರಿಯ ಬಸ್ಸು ಹತ್ತಿದವಳೂ ಅದೇ ಉದ್ದವ್ವ. ಉಡಿಯಲ್ಲಿ ಹುರಿದ ಶೇಂಗಾ ಕಟ್ಟಿಕೊಂಡಿದ್ದಳು.

"ಬಿಟ್ಟತೇನ್ರಿ ಅಮ್ಮಾರ, ಒಗಟಿನ ಗಂಟು?" ಹಣಮಂತ ಟಿಕೇಟು ಹರಿಯುತ್ತ ಕೇಳಿದ.

"ಇಲ್ಲೋ ತಮ್ಮಾ. ನೀನು ಒಗಟ ಬರೋಬ್ಬರಿ ತಂದೀಯಿಲ್ಲೋ, ದಾರಿಯೊಳಗ ಒಂದು ಪೆಂಟಿ ತಿಂದೀಯೋ?"

"ದೇವರಾಣಿ ಇಲ್ಲರಿ! ಪದ್ಮವ್ವಾರು ನನ್ನ ಕಡಿಂದ ಮೂರ ಸಲ ಹೇಳಿಸಿ ಕಳಿಸ್ಯಾರ."

ಅರಭಾವಿ ದಾಟಿದ ಮೇಲೆ ಹಣಮಂತ ತಲೆ ಎಣಿಸಿದ. ಮತ್ತೊಮ್ಮೆ ಎಣಿಸಿದ. ಟಿಕೇಟಿಗಿಂತ ಒಂದು ತಲೆ ಹೆಚ್ಚು. "ಯಾರೋ ಒಬ್ಬರು ಟಿಕೇಟ ತಗಸಿಲ್ಲ. ಚೆಕಿಂಗನವರು ಹತ್ತಿದ್ರ ನನ್ನ ನೌಕರಿಗೆ ಕುತ್ತು," ಎಂದು ಮುಂದಿನ ಸೀಟುಗಳಿಂದ ನೋಡುತ್ತ ಬಂದ. ಎಲ್ಲರ ಕೈಯಲ್ಲೂ ಟಿಕೇಟು. ನಡುವಿನ ಸೀಟುಗಳನ್ನು ನೋಡಿದ. ಅಲ್ಲೂ ಎಲ್ಲ ಸರಿ. ಅಲ್ಲೇ ನಿಂತು ಹಿಂದಕ್ಕೆ ಕೂಗಿದ:

"ಏ ಹಿಂದಿನವರ, ಯಾಂವ ಅದಾನ, ಸುಮ್ಮ ಟಿಕೇಟ ತಗಸ್ರಿ!"

"ಇಲ್ಲಿತನಾ ಬರೂದಿಲ್ಲ, ನೋಡೂದಿಲ್ಲ, ನಮಗ ಕಳ್ಳರು ಅಂತೀ ಏನೋ?" ಹಿಂದಿನಿಂದ ಒಬ್ಬ ಗದರಿದ.

"ನೋಡೂದೇನು ಬಂತು? ಮುಂದ ನೋಡೇನಿ, ನಡುವ ನೋಡೇನಿ. ಅಲ್ಲಿ ಇಲ್ಲಂದ ಮ್ಯಾಲ ನಿಮ್ಮಲ್ಲೇ ಇರಬೇಕು. ಇಲ್ಲಂದ್ರ ಟಾಪಿನ ಮ್ಯಾಲ ಕುಂತಾನೇನು?"

ಬಸ್ಸೆಲ್ಲ ನಕ್ಕಿತು. ಆ ಗದ್ದಲಕ್ಕೆ ಹಿಂದಿನ ಮೂಲೆಯಲ್ಲಿ ಮುಖದ ಮೇಲೆ ರುಮಾಲು ಹಾಕಿಕೊಂಡು ಮಲಗಿದ್ದ ಕೆಂಚಪ್ಪನೆಂಬ ಮುದುಕ ಎದ್ದು ಕಣ್ಣುಜ್ಜಿದ. "ಅರಭಾವಿ ಬಂತೇನೋ?"

"ಅರಭಾವಿ ಬಂದು ಹೋತು ಕಾಕಾ!"

"ಹಾಂಗಾರ ಟಿಕೇಟಿನ ಮಾತು ಬಿಡು. ನನ್ನ ತಿರುಗಿ ಮುಟ್ಟಸಾಕ ನೀನೇ ರೊಕ್ಕ ಕೊಡು."

ಎಲ್ಲರೂ ಮತ್ತೆ ನಗುತ್ತಿದ್ದರು. ಜಿನ್ನವ್ವ ನಗಲಿಲ್ಲ. ಆಕೆಯ ಕೈ ಉದ್ದವ್ವನ ಉಡಿಗೆ ಹೋಗಿತ್ತು.

"ಏ, ಏನು ಮಾಡಾಕತ್ತೀ ಜಿನ್ನಕ್ಕಾ? ಹಸಿವಿ ಆದ್ರ ಕೇಳಬಾರದ?"

"ಸುಮ್ಮ ಕೂಡ. ಒಂಬತ್ತು ಕಾಯಿ ಕೊಡು."

ಸೆರಗಿನ ಮೇಲೆ ಶೇಂಗಾಕಾಯಿಗಳನ್ನು ಮೂರು, ಮೂರು, ಮೂರು ಮಾಡಿ ಇಟ್ಟಳು. ಮೂರನ್ನು ಈ ತಟ್ಟೆಗೆ, ಮೂರನ್ನು ಆ ತಟ್ಟೆಗೆ. ಉಳಿದ ಮೂರು ನೆಲದ ಮೇಲೆಯೇ ಇರಲಿ. ಒಂದು ತಟ್ಟೆ ಕೆಳಗಿಳಿದರೆ ಭಾರದ ಪೆಂಟಿ ಅದರಲ್ಲಿ. ಎರಡೂ ಸರಿಹೋದರೆ ನೆಲದ ಮೇಲಿನ ಮೂರರಲ್ಲಿ. ಹಣಮಂತ ಹಿಂದಿನ ಸೀಟಿಗೆ ಹೋಗದೆಯೇ ನೋಡಿದಂತೆ, ಮುಟ್ಟದೆ ಬಿಟ್ಟ ಮೂರನ್ನೂ ತಕ್ಕಡಿ ತೂಗಿಬಿಟ್ಟಿತ್ತು. ಇನ್ನು ಭಾರದ್ದಿರುವ ಮೂರರಲ್ಲಿ ಒಂದು ಇತ್ತ, ಒಂದು ಅತ್ತ, ಒಂದು ನೆಲಕ್ಕೆ. ಅಲ್ಲಿಗೆ ಎರಡೇ ತೂಕ.

"ಉದ್ದವ್ವಾ," ಎಂದಳು ಜಿನ್ನವ್ವ. ಸೆರಗನ್ನು ಆಕೆಯ ಮುಂದೆ ಹಿಡಿದಳು. ಉದ್ದವ್ವ ಸೆರಗಿನ ಮೇಲಿನ ಮೂರು ಗುಂಪುಗಳನ್ನು ನೋಡಿದಳು, ಗೆಳತಿಯ ಮುಖವನ್ನು ನೋಡಿದಳು. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆದ ಮೇಲೆ ಬೆನ್ನಿಗೊಂದು ಗುದ್ದಿದಳು.

ಹುಕ್ಕೇರಿಯಲ್ಲಿ ಪೂಜೆ ಮುಗಿದು ಪಂಕ್ತಿ ಕೂಡುವಾಗ ಬಿಸಿಲಿನ್ನೂ ಅಂಗಳದಲ್ಲಿತ್ತು. ಶ್ರದ್ಧಾ ಹೋಳಿಗೆಯ ಬುಟ್ಟಿ ತಂದಾಗ ಜಿನ್ನವ್ವ ಕೈ ಅಡ್ಡ ಹಿಡಿದಳು.

"ತಡಿಯವಾ. ಮೊದಲು ನನ್ನ ಉತ್ತರ ಕೇಳು."

"ಅವ್ವ ನನಗೂ ಹೇಳಿಲ್ಲ ಚಿಗವ್ವಾ. ನಂಗೇನು ಗೊತ್ತಾಗತೈತಿ ಅದು ಖರೆನೋ ಸುಳ್ಳೋ?"

"ಗೊತ್ತಾಗಾಕ ಯಾರೂ ಹೇಳಿರಬೇಕಿಲ್ಲ. ಕೇಳಿ ನೀನೇ ನೋಡು."

ಜಿನ್ನವ್ವ ಹೇಳಿದಳು. ಶ್ರದ್ಧಾ ಬುಟ್ಟಿ ಹಿಡಿದು ನಿಂತೇ ಅಡ್ಡಪ್ರಶ್ನೆ ಹಾಕಿದಳು, ಥೇಟು ತಾಯಿಯ ಹಾಗೆ ಹುಬ್ಬು ಗಂಟಿಕ್ಕಿ. ಕೊನೆಯ ತೂಕಕ್ಕೆ ಬಂದಾಗ ಆ ಗಂಟು ಬಿಚ್ಚಿ, "ಅಯ್ಯ, ಹೌದಲ್ಲ!" ಎಂದು ನಕ್ಕಳು. ತಾಯಿ ಹೋದಾಗಿನಿಂದ ಆ ಹುಡುಗಿ ನಕ್ಕದ್ದನ್ನು ಯಾರೂ ಕಂಡಿರಲಿಲ್ಲವೆಂದು ಮನೆಯವರು ಆಮೇಲೆ ಹೇಳಿದರು. ನಗುತ್ತಲೇ ಅತ್ತಳು. ಅಳುತ್ತಲೇ ಬಡಿಸಿದಳು.

ಜಿನ್ನವ್ವ ಕಣ್ಣು ಮುಚ್ಚಿ ಕೈಮುಗಿದಳು. ಬೇಡುವುದು ಏನೂ ಇರಲಿಲ್ಲ. ಇಂಥವಳನ್ನು ಗೆಳತಿಯಾಗಿ ಕೊಟ್ಟದ್ದಕ್ಕೆ, ಇಷ್ಟು ವರ್ಷ ಕೊಟ್ಟದ್ದಕ್ಕೆ, ಬರೇ ಅದಕ್ಕೆ. ಆಮೇಲೆ ತುಪ್ಪದಲ್ಲಿ ಅದ್ದಿ ಮೊದಲ ತುತ್ತು ಬಾಯಿಗಿಟ್ಟಳು. ಬೆಲ್ಲದ ಸವಿ ನಾಲಿಗೆಗೆ ಹತ್ತಿ, ಗಂಟಲಿಗೆ ಇಳಿದು, ಎದೆಯವರೆಗೂ ಹೋಯಿತು.

"ಸಾಕೇನ್ರಿ ಚಿಗವ್ವಾ?"

"ಇನ್ನೊಂದು ಹಾಕವಾ," ಎಂದಳು ಜಿನ್ನವ್ವ. "ನಿಮ್ಮವ್ವ ಭಾಳ ದಿನ ಕಾಯಿಸ್ಯಾಳ."